ತುಬಚಿಯಿಂದ ನೂರು ಕೋಟಿ ವರ್ಷ ದೂರ

ಜಮಖಂಡಿ ತಾಲ್ಲೂಕಿನ ಆಚೆಯವರಿಗೆ ತುಬಚಿ ಎಂಬುದು ಒಂದು ಏತ ನೀರಾವರಿ ಯೋಜನೆಯ ಅರ್ಧ ಹೆಸರು. ತುಬಚಿ–ಬಬಲೇಶ್ವರ ಎಂದು ಪೇಪರಿನಲ್ಲಿ ಓದುತ್ತಾರೆ, ಕೃಷ್ಣೆಯ ನೀರು ಮೇಲೇರಿತೋ ಇಲ್ಲವೋ ಎಂದು ಚರ್ಚಿಸುತ್ತಾರೆ. ಅದೊಂದು ಊರೂ ಹೌದು ಎಂಬುದು ಅವರ ಗಮನಕ್ಕೇ ಬಂದಿರುವುದಿಲ್ಲ. ಇಲ್ಲಿ ಬಾವಿ ತೋಡಿದವರಿಗೆ ನೆಲದ ಅನುಕ್ರಮ ಬಾಯಿಪಾಠ: ಮೇಲೆ ಎರಿ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕರಿಕಲ್ಲು. ಕರಿಕಲ್ಲು ಬಂತೆಂದರೆ ಗುದ್ದಲಿಯ ಕೆಲಸ ಮುಗಿದು ಮದ್ದಿನ ಕೆಲಸ ಶುರುವಾಗುತ್ತದೆ. ಅದರ ಕೆಳಗೆ ಏನಿದೆ ಎಂದು ಕೇಳಿ ನೋಡಿ. "ನೀರ ಐತೇನ್ ನೋಡೂದು, ಮತ್ತೇನ್ ನೋಡೂದೈತಿ?" ಎನ್ನುತ್ತಾರೆ.

ನೋಡುವುದು ಬೇಕಾದಷ್ಟಿದೆ. ಅದಕ್ಕೆ ಬೋರು ಕೊರೆಯಬೇಕಾಗಿಲ್ಲ, ದಕ್ಷಿಣಕ್ಕೆ ಗಾಡಿ ಬಿಟ್ಟರೆ ಸಾಕು. ಮಹಾರಾಷ್ಟ್ರದಿಂದ ಹಾಸಿಕೊಂಡು ಬಂದ ದಖ್ಖನ್ನಿನ ಲಾವಾ ಹೊದಿಕೆ ನಮ್ಮ ಸೀಮೆಯಲ್ಲಿ ತೆಳುವಾಗುತ್ತ ಬಂದು ಚಿಂದಿಯಾಗಿ ಹರಿದುಹೋಗುತ್ತದೆ. ಮುಧೋಳದಾಚೆ ಅದರ ಕೆಳಗಿನ ಪದರ ಬಯಲಿಗೆ ಬರುತ್ತದೆ. ಬಾದಾಮಿಯಲ್ಲಿ ಇನ್ನೊಂದು ಪದರ ಗೋಡೆಯಾಗಿ ಎದ್ದು ನಿಲ್ಲುತ್ತದೆ. ಇಳಕಲ್ಲಿನ ದಿಕ್ಕಿಗೆ ಹೋದರೆ ಎಲ್ಲದರ ತಳ ಕಾಣುತ್ತದೆ. ಮುಂಜಾನೆ ಚಹಾ ಕುಡಿದು ಹೊರಟವನು ಮಧ್ಯಾಹ್ನದೊಳಗೆ ಭೂಮಿಯ ವಯಸ್ಸಿನ ಬಹುಭಾಗವನ್ನು ದಾಟಿರುತ್ತಾನೆ. ದೂರದೇಶದ ಬೆರಗು ಕಂಡು ಬಂದವರ ಕಥನಗಳನ್ನು ಓದಿ ಬೆಳೆದ ನನಗೆ, ಇದಕ್ಕಿಂತ ದೂರದ ದೇಶ ಇರಬಹುದೆಂದು ಅನ್ನಿಸಿಲ್ಲ.

ಜೊತೆಗೆ ಬಂದವರು ನನ್ನ ಕಾಕಾ. ಕನ್ನಡ ಸಾಲಿಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಪಂಚಾಂಗ ಓದುತ್ತಾರೆ, ರನ್ನನನ್ನು ಓದುತ್ತಾರೆ, ಈಚೀಚೆಗೆ ಮೊಬೈಲಿಗೆ ಬಂದದ್ದನ್ನೆಲ್ಲ ಓದುತ್ತಾರೆ. ಜಗಳ ಶುರುವಾದದ್ದು ಈ ಮೂರನೆಯದರಿಂದ. ವಿಜ್ಞಾನಿಗಳು ಭೂಮಿಗೆ 454 ಕೋಟಿ ವರ್ಷ ಎನ್ನುತ್ತಾರೆ, ನಮ್ಮ ಪುರಾಣ ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷ ಎಂದು ಎಂದೋ ಹೇಳಿಬಿಟ್ಟಿದೆ ಎಂಬ ಒಂದು ಸಂದೇಶ ಅವರಿಗೆ ಬಂದಿತ್ತು.

"ನೋಡ ತಮ್ಮಾ," ಎಂದರು ಕಾಕಾ, ಗಾಡಿ ಹತ್ತುವ ಮೊದಲೇ. "ನಿಮ್ಮ ವಿಜ್ಞಾನದಾವ್ರು ಜಗತ್ತೆಲ್ಲ ಸುತ್ತಿ ಹೊಳ್ಳಿ ನಮ್ಮ ಮನಿ ಬಾಗಲಕ್ಕ ಬಂದ್ ನಿಂತಾರ."

"ಆತ್ರಿ ಕಾಕಾ, ನೋಡಕೋತ ಹೋಗೂಣು ಬರ್ರಿ," ಎಂದೆ.

ಜಮಖಂಡಿಯವರೆಗೆ ಕರಿಕಲ್ಲಿನ ರಾಜ್ಯ. ಹಳೆಯ ಮನೆಗಳ ಬುನಾದಿ, ಹೊಲದ ಒಡ್ಡು, ರಸ್ತೆಯ ಖಡಿ, ಎಲ್ಲ ಅದೇ. ಈ ಕಲ್ಲು ಹರಿದು ಬಂದ ಲಾವಾ. ಕಾಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕೊನೆಯ ದಿನಗಳು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಮುಚ್ಚಿಕೊಂಡಿರುವ ಈ ಹೊದಿಕೆಯ ಬಹುಪಾಲು ಹರಿದು ಮುಗಿಯಲು 10 ಲಕ್ಷ ವರ್ಷಕ್ಕಿಂತ ಹೆಚ್ಚು ಹಿಡಿಯಲಿಲ್ಲ ಎಂದು ಈಚಿನ ಅಳತೆಗಳು ಹೇಳುತ್ತವೆ. ನಮ್ಮ ಎರಿ ಮಣ್ಣು ಆ ಕಲ್ಲು ಕೊಳೆತು ಆದದ್ದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತೆವಳುವಾಗ ಡ್ರೈವರ್ ಹುಡುಗ ಕೇಳಿದ: "ಆರು ಕೋಟಿ ವರ್ಷ ಅಂತ ಕಲ್ಲ ನೋಡಿ ಹೆಂಗ್ ಹೇಳ್ತಾರ್ರೀ ಸರ? ಬರದಿರ್ತೈತೇನ?"

ಒಂದರ್ಥದಲ್ಲಿ ಬರೆದೇ ಇರುತ್ತದೆ. ಕಲ್ಲಿನೊಳಗಿನ ಪೊಟ್ಯಾಸಿಯಂನಲ್ಲಿ ಪೊಟ್ಯಾಸಿಯಂ-40 ಎಂಬ ಒಂದು ಬಗೆ ತನ್ನಷ್ಟಕ್ಕೆ ಒಡೆಯುತ್ತ ಹೋಗುತ್ತದೆ. ಒಡೆದದ್ದರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಇದ್ದದ್ದು ಅರ್ಧವಾಗಲು 125 ಕೋಟಿ ವರ್ಷ ಬೇಕು. ಲಾವಾ ಕುದಿಯುತ್ತಿರುವಾಗ ಅನಿಲ ಹಾರಿಹೋಗುತ್ತದೆ, ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದದ್ದೆಷ್ಟು, ಉಳಿದದ್ದೆಷ್ಟು ಎಂದು ಅಳೆದರೆ ಕಲ್ಲು ಆರಿ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. ಯುರೇನಿಯಂ ಸೀಸವಾಗುವುದು ಬೇರೆಯದೇ ಗಡಿಯಾರ, ಅದರ ವೇಗ ಬೇರೆ. ಎರಡೂ ಒಂದೇ ಕಲ್ಲಿಗೆ ಹೆಚ್ಚುಕಡಿಮೆ ಒಂದೇ ವಯಸ್ಸು ಹೇಳಿದಾಗ ನಂಬದೆ ಇರುವುದು ಕಷ್ಟ. ಭೂಮಿಗೆ 6,000 ವರ್ಷ ಎನ್ನುವ ಅಮೆರಿಕದ ಸೃಷ್ಟಿವಾದಿಗಳು ಹಿಂದೆ ಈ ಗಡಿಯಾರಗಳು ಬಿರುಸಾಗಿ ಓಡಿರಬೇಕು ಎನ್ನುತ್ತಾರೆ. ನೂರಾರು ಕೋಟಿ ವರ್ಷದ ಒಡೆತವನ್ನು ಕೆಲವು ಸಾವಿರ ವರ್ಷಕ್ಕೆ ತುರುಕಿದರೆ ಹುಟ್ಟುವ ಶಾಖಕ್ಕೆ ಭೂಮಿಯೇ ಕರಗಿ ನೀರಾಗುತ್ತಿತ್ತು. ಈ ತೊಡಕನ್ನು ಅವರದೇ ಸಂಶೋಧಕರ ಗುಂಪು ಒಪ್ಪಿಕೊಂಡಿದೆ, ಉತ್ತರ ಮಾತ್ರ ಕೊಟ್ಟಿಲ್ಲ.

ಮುಧೋಳ ಬಂತು. ಹೊರಗಿನವರಿಗೆ ನಾಯಿ, ನಮಗೆ ರನ್ನ. ಪಕ್ಕದಲ್ಲಿ ರನ್ನಬೆಳಗಲಿ ಎಂದೇ ಒಂದು ಊರಿದೆ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಜೈನ. ಗದಾಯುದ್ಧದ ಅಬ್ಬರದಲ್ಲಿ ನಾವು ಇದನ್ನು ಮರೆತುಬಿಡುತ್ತೇವೆ, ಆತ ಅಜಿತ ತೀರ್ಥಂಕರನ ಪುರಾಣವನ್ನೂ ಬರೆದನೆಂಬುದನ್ನೂ. ಜೈನರ ಮಟ್ಟಿಗೆ ಲೋಕವನ್ನು ಯಾರೂ ಸೃಷ್ಟಿಸಿಲ್ಲ. ಅದಕ್ಕೆ ಆದಿಯಿಲ್ಲ, ಅಂತ್ಯವಿಲ್ಲ, ಏರುಗಾಲ ಇಳಿಗಾಲಗಳ ಸುತ್ತು ಮಾತ್ರ. ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನ 9ನೇ ಶತಮಾನದಲ್ಲಿ ತನ್ನ ಮಹಾಪುರಾಣದಲ್ಲಿ ಸೃಷ್ಟಿಕರ್ತ ಇದ್ದಾನೆಂಬ ಮತವನ್ನು ಎತ್ತಿಕೊಂಡು ಒಂದೊಂದೇ ಪ್ರಶ್ನೆಯಿಂದ ಕುಟ್ಟಿದ್ದಾನೆ: ಸೃಷ್ಟಿಗೆ ಮುಂಚೆ ಆತ ಎಲ್ಲಿದ್ದ, ಸಾಮಗ್ರಿ ಎಲ್ಲಿಂದ ತಂದ, ಪರಿಪೂರ್ಣನಾದವನಿಗೆ ಸೃಷ್ಟಿಸುವ ಬಯಕೆ ಹುಟ್ಟಿದ್ದು ಹೇಗೆ. ಪಂಪನ ಆದಿಪುರಾಣಕ್ಕೆ ಇದೇ ಆಕರ. ಸೃಷ್ಟಿವಾದದ ಚರ್ಚೆ ಡಾರ್ವಿನ್ ಜೊತೆ ಹಡಗು ಹತ್ತಿ ಬಂದದ್ದೆಂದು ತಿಳಿದವರು ಒಮ್ಮೆ ಮುಧೋಳದಲ್ಲಿ ಇಳಿಯಬೇಕು. ಕನ್ನಡ ನೆಲದಲ್ಲಿ ಅದು ಸಾವಿರ ವರ್ಷದ ಹಿಂದೆಯೇ ಕಾವೇರಿತ್ತು.

ಕಾಕಾಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮೊಬೈಲಿನ ಸಂದೇಶಕ್ಕೆ ಅದನ್ನು ಜೋಡಿಸಿ ನೋಡಿರಲಿಲ್ಲ. ಜೈನರ ಪಲ್ಯದ ಲೆಕ್ಕವನ್ನು ಡ್ರೈವರನಿಗೆ ಅವರೇ ವಿವರಿಸಿದರು. ಒಂದು ಯೋಜನದಷ್ಟು ಅಗಲ ಆಳದ ಗುಂಡಿ ತೋಡಿ ಎಳೆ ಕುರಿಮರಿಯ ನವಿರು ಕೂದಲಿನಿಂದ ಒತ್ತಿ ತುಂಬಬೇಕು. ನೂರು ವರ್ಷಕ್ಕೊಮ್ಮೆ ಒಂದೇ ಎಳೆ ತೆಗೆಯಬೇಕು. ಗುಂಡಿ ಬರಿದಾದಾಗ ಒಂದು ಪಲ್ಯ. "ಕೋಟಿಯನ್ನ ಕೋಟಿಯಿಂದ ಗುಣಿಸಿ, ಹಂತಾದ್ದರ ಹತ್ತ ಪಟ್ಟಿಗೆ ಒಂದ ಸಾಗರ," ಎಂದು ಸೇರಿಸಿದರು. ಡ್ರೈವರ್ ಗೇರು ಬದಲಿಸಿ, "ಅಷ್ಟ್ ಪುರಸೊತ್ತ ಯಾರಿಗಿತ್ರೀ?" ಎಂದ.

ಮುಧೋಳ ದಾಟಿ ಲೋಕಾಪುರದ ಕಡೆ ಹೊರಳಿದರೆ ನೆಲದ ಬಣ್ಣ ಬದಲಾಗುತ್ತದೆ. ಸುಣ್ಣಕಲ್ಲಿನ ಕ್ವಾರಿಗಳು, ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು, ಎಲೆಯ ಮೇಲೆಲ್ಲ ಬಿಳಿ ಧೂಳು. ಇಲ್ಲಿ ಲಾವಾ ಹರಿದುಹೋಗಿ ಕೆಳಗಿನ ಕಲಾದಗಿ ಶ್ರೇಣಿ ತಲೆ ಹಾಕಿದೆ. ಇದು ಒಂದು ಹಳೆಯ ಆಳವಿಲ್ಲದ ಕಡಲಿನ ತಳ. ಲೋಕಾಪುರದ ಸುತ್ತಿನ ಸುಣ್ಣಕಲ್ಲು ಡೊಲೊಮೈಟುಗಳಲ್ಲಿ ಸ್ಟ್ರೊಮ್ಯಾಟೊಲೈಟುಗಳಿವೆ ಎಂದು ಭೂವಿಜ್ಞಾನಿಗಳು 1960ರ ದಶಕದಲ್ಲೇ ವರದಿ ಮಾಡಿದ್ದಾರೆ. ಗೊತ್ತಿಲ್ಲದವನಿಗೆ ಅದು ಒಂದರ ಮೇಲೊಂದು ಕೂತ ಕಮಾನಿನಂಥ ಗೆರೆಗಳಿರುವ ಬಂಡೆ, ಅಷ್ಟೆ. ನಿಜಕ್ಕೆ ಅದು ಜೀವ ಕಟ್ಟಿದ ಮನೆ. ಬಿಸಿಲು ಬೀಳುವ ತೆಳು ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರ ಹರಡುತ್ತದೆ, ಅದರ ಮೇಲೆ ಸುಣ್ಣದ ಕಣ ಕೂರುತ್ತದೆ, ಜೀವ ಬೆಳಕಿಗಾಗಿ ಮತ್ತೆ ಮೇಲೆ ಬರುತ್ತದೆ, ಮತ್ತೆ ಕಣ. ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯದ ಈ ಮನೆಗಳು ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇಂದೂ ಜೀವಂತವಾಗಿ ಏಳುತ್ತಿವೆ. ನಮ್ಮಲ್ಲಿ ಅವನ್ನು ಅರೆದು ಸಿಮೆಂಟ್ ಚೀಲಕ್ಕೆ ತುಂಬುತ್ತೇವೆ. ಜಮಖಂಡಿಯಲ್ಲಿ ಹೊಸ ಮನೆ ಕಟ್ಟಿಸಿದವರ ಗೋಡೆಯಲ್ಲಿ ನಮ್ಮೆಲ್ಲರಿಗಿಂತ ಹಿರಿಯ ಜೀವಿಗಳ ಕೂಲಿ ಸೇರಿದೆ.

ಈ ಬಂಡೆಗಳ ವಯಸ್ಸು ಎಷ್ಟು? ಬಹುಕಾಲ ಭೂವಿಜ್ಞಾನಿಗಳೇ ಇದಕ್ಕೆ ಬಡಿದಾಡಿದರು, ಏಕೆಂದರೆ ಕೆಸರು ಕೂತು ಆದ ಕಲ್ಲಿಗೆ ನೇರವಾಗಿ ಗಡಿಯಾರ ಹಿಡಿಯಲಾಗದು. ದಾರಿ ಸಿಕ್ಕಿದ್ದು ಪದರಗಳನ್ನು ಸೀಳಿಕೊಂಡು ಮೇಲೆ ನುಗ್ಗಿ ಆರಿದ ಬೆಂಕಿಕಲ್ಲಿನಿಂದ. 2018ರಲ್ಲಿ ಪ್ರಕಟವಾದ ಆರ್ಗಾನ್ ಅಳತೆ ಆ ನುಗ್ಗುಕಲ್ಲಿಗೆ 115 ಕೋಟಿ ವರ್ಷ ಕೊಟ್ಟಿತು. ಸೀಳಿಸಿಕೊಂಡದ್ದು ಸೀಳಿದ್ದಕ್ಕಿಂತ ಹಿರಿಯದಿರಲೇಬೇಕು. ಅಲ್ಲಿಗೆ ಲೋಕಾಪುರದ ಕಡಲು 115 ಕೋಟಿಗೂ ಆಚೆಯದು. ಈಗ ತುಬಚಿಯ ಬಾವಿಗೆ ಲೆಕ್ಕ ಹಾಕಿ ನೋಡಿ. ನಮ್ಮ ಸೀಮೆಯಲ್ಲಿ 6.6 ಕೋಟಿ ವರ್ಷದ ಲಾವಾ ನೇರವಾಗಿ ಈ ಕಡಲ ತಳದ ಮೇಲೆ ಕೂತಿರುವ ಜಾಗಗಳಿವೆ. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟರೆ ಎರಡು ಅಂಗೈಗಳ ನಡುವೆ ನೂರು ಕೋಟಿಗೂ ಹೆಚ್ಚು ವರ್ಷ ಕಾಣೆಯಾಗಿರುತ್ತದೆ. ಮೀನು ಹುಟ್ಟಿದ್ದು, ಗಿಡ ನೆಲಕ್ಕೆ ಬಂದದ್ದು, ಡೈನೋಸಾರುಗಳು ಬೆಳೆದು ಬಾಳಿದ್ದು ಎಲ್ಲ ಆ ಸಂದಿನಲ್ಲಿ ಕಳೆದಿದೆ. ನಾನು ಕಂಡ ಯಾವ ಅರಮನೆ, ಯಾವ ಜಲಪಾತವೂ ಈ ಸಂದಿನಷ್ಟು ನನ್ನನ್ನು ಬೆರಗುಗೊಳಿಸಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ನೋಹನ ನಾವೆಯೆಂದು 510 ಅಡಿ ಉದ್ದದ ಮರದ ಕಟ್ಟಡವೊಂದನ್ನು 2016ರಲ್ಲಿ ತೆರೆದಿದ್ದಾರೆ, ಟಿಕೆಟ್ ಕೊಂಡು ನೋಡಬಹುದು. ಜಗತ್ತಿನ ಪದರಗಲ್ಲುಗಳ ಬಹುಪಾಲು ನೋಹನ ಕಾಲದ ಒಂದೇ ವರ್ಷದ ಪ್ರಳಯದಲ್ಲಿ ಕೂತದ್ದು ಎಂಬುದು ಅದನ್ನು ಕಟ್ಟಿದವರ ವಾದ. ಈ ವಾದ ಈಗಿನ ರೂಪಕ್ಕೆ ಬಂದದ್ದು ವಿಟ್‌ಕೂಂಬ್ ಮತ್ತು ಮಾರಿಸ್ ಎಂಬಿಬ್ಬರು 1961ರಲ್ಲಿ ತಂದ ಪುಸ್ತಕದಿಂದ. ನಾವೆ ಕಟ್ಟಿದವರನ್ನು ಲೋಕಾಪುರಕ್ಕೆ ಕರೆತರಬೇಕು. ರಾಡಿಯಾಗಿ ಉಕ್ಕುವ ಪ್ರಳಯದ ನೀರಿನಲ್ಲಿ, ಬಿಸಿಲು ಕಾಣದ ತಳದಲ್ಲಿ, ಬೆಳಕಿಗಾಗಿ ಇಂಚಿಂಚು ಏರುವ ಸ್ಟ್ರೊಮ್ಯಾಟೊಲೈಟು ಬೆಳೆದದ್ದು ಹೇಗೆ? ಇದೇ ಶ್ರೇಣಿಯಲ್ಲಿ ಕೆಸರು ಒಣಗಿ ಬಿರಿದ ಗುರುತುಗಳಿವೆ. ಮುಳುಗಿದ ಜಗತ್ತಿನಲ್ಲಿ ಕೆಸರು ಒಣಗಿದ್ದು ಯಾವಾಗ? ಮುಳುಗಿ ಸತ್ತವರಲ್ಲಿ ಒಬ್ಬನ ಎಲುಬು ಬೇಡ, ಒಂದು ಮೀನಿನ ಮುಳ್ಳಾದರೂ ಇಷ್ಟು ದಪ್ಪನೆಯ ಕಲ್ಲಿನಲ್ಲಿ ಏಕಿಲ್ಲ?

ಕಲಾದಗಿಯಲ್ಲಿ ಚಿಕ್ಕು ಕೊಂಡೆವು. ಒಂದು ಕಾಲಕ್ಕೆ ಇದು ಜಿಲ್ಲಾ ಕೇಂದ್ರ, ದಂಡು ಬೀಡುಬಿಟ್ಟ ಊರು. 1880ರ ದಶಕದಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದವು, ನೂರು ವರ್ಷದ ಮೇಲೆ ಆಲಮಟ್ಟಿಯ ಹಿನ್ನೀರು ಬಂತು. ಊರಿನ ಹೆಸರು ಮಾತ್ರ ಭೂವಿಜ್ಞಾನದಲ್ಲಿ ಖಾಯಂ ಆಯಿತು. ಅದಕ್ಕೆ ಕಾರಣ ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಹುಟ್ಟಿ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ಈತ ನಮ್ಮ ಸೀಮೆಯನ್ನೆಲ್ಲ ತುಳಿದು, ದಕ್ಷಿಣ ಮರಾಠಾ ದೇಶದ ಭೂವಿವರಣೆಯನ್ನು 1876ರಲ್ಲಿ ಪ್ರಕಟಿಸಿದ. ಈ ಪದರಗಳಿಗೆ ಕಲಾದಗಿಯ ಹೆಸರಿಟ್ಟವನು ಇವನೇ. ಗೋಕಾಕದ ಹತ್ತಿರ ಅಳಿದುಹೋದ ಘೇಂಡಾಮೃಗವೊಂದರ ಎಲುಬು ಸಿಕ್ಕಾಗ 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರು ಸೇರಿಸಿ ಹೊಸ ಪ್ರಭೇದವೆಂದು ಸಾರಿದ.

ಫೂಟ್‌ನ ಕತೆಯಲ್ಲಿ ನನಗೆ ರುಚಿಸುವ ಭಾಗ ಬೇರೆ. ಅವನು ಪಾದ್ರಿಯೊಬ್ಬನ ಅಳಿಯ. ಮಾವ ಪೀಟರ್ ಪರ್ಸಿವಲ್, ಆರುಮುಗ ನಾವಲರ್ ಜೊತೆ ಕೂತು ಬೈಬಲನ್ನು ತಮಿಳಿಗೆ ತಂದವನು. ಅಳಿಯ 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಎತ್ತಿಕೊಂಡು, ಮನುಷ್ಯನ ಹಳಮೆ ಯಾವ ವಂಶಾವಳಿಗೂ ನಿಲುಕದು ಎಂದು ತೋರಿಸಿದವನು. ಆಗ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಸೃಷ್ಟಿಯ ವರ್ಷವೆಂದು ಕ್ರಿ.ಪೂ. 4004 ಎಂದು ಅಚ್ಚಾಗಿರುತ್ತಿತ್ತು. ಅದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ವಂಶಾವಳಿಗಳನ್ನು ಕೂಡಿಸಿ ತೆಗೆದ ಲೆಕ್ಕ. ಅಕ್ಟೋಬರ್ 23 ಎಂದು ತಾರೀಕನ್ನೂ ಕೊಟ್ಟಿದ್ದ. ಅಶರನನ್ನು ಈಗ ನಗೆಪಾಟಲು ಮಾಡುವುದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ತನ್ನ ಕಾಲಕ್ಕೆ ಕೈಗೆ ಸಿಕ್ಕ ಆಧಾರಗಳನ್ನೆಲ್ಲ ಹುಡುಕಿ, ಲೆಕ್ಕವನ್ನು ಬಿಡಿಸಿಟ್ಟ ವಿದ್ವಾಂಸ ಅವನು. ಬೇರೆ ಆಧಾರ ಬಂದ ಮೇಲೂ ಅದೇ ಸಂಖ್ಯೆಯನ್ನು ಹಿಡಿದು ನಾವೆ ಕಟ್ಟುವವರ ವಿಷಯ ಬೇರೆ.

ವಿಜ್ಞಾನದವರೂ ಒಂದೇ ಹಾರಿಗೆ 454 ಕೋಟಿಗೆ ಮುಟ್ಟಲಿಲ್ಲ. ಡಾರ್ವಿನ್ 1859ರ ಪುಸ್ತಕದಲ್ಲಿ ಇಂಗ್ಲೆಂಡಿನ ಒಂದು ಕಣಿವೆ ಸವೆಯಲು 30 ಕೋಟಿ ವರ್ಷ ಬೇಕಾಯಿತೆಂದು ಅಂದಾಜು ಕೊಟ್ಟು, ಟೀಕೆ ಬಂದಾಗ ಮೂರನೆಯ ಮುದ್ರಣದ ಹೊತ್ತಿಗೆ ತೆಗೆದುಹಾಕಿದ. ಕೆಲ್ವಿನ್ 1862ರಲ್ಲಿ ಭೂಮಿ ಆರುವ ವೇಗ ಹಿಡಿದು 2 ಕೋಟಿಯಿಂದ 40 ಕೋಟಿಯೊಳಗೆ ಎಂದ. ಆತನ ಗಣಿತಕ್ಕೆ ಹೆದರಿ ಭೂವಿಜ್ಞಾನಿಗಳು ಬಾಯಿ ಕಟ್ಟಿಕೊಂಡರು. ವಿಕಿರಣ ಪತ್ತೆಯಾದ ಮೇಲೆ ಗಡಿಯಾರ ಸಿಕ್ಕಿತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು 455 ಕೋಟಿ ಎಂದ, ಏಳು ಕೋಟಿ ಹೆಚ್ಚುಕಡಿಮೆ ಇರಬಹುದೆಂದೂ ಹೇಳಿದ. ಆ ಹೆಚ್ಚುಕಡಿಮೆಯನ್ನು ಬರೆದಿಡುವ ಗುಣವೇ ನನಗೆ ಮುಖ್ಯವಾಗಿ ಕಾಣುತ್ತದೆ. ಕಾಕಾನ ಮೊಬೈಲಿಗೆ ಬರುವ ಯಾವ ಸಂದೇಶದಲ್ಲೂ ಅದು ಇರುವುದಿಲ್ಲ.

ಬಾಗಲಕೋಟೆಯ ಸುತ್ತ ಗುಡ್ಡಗಳನ್ನು ಗಮನಿಸಿ. ಪದರಗಳು ಓರೆಯಾಗಿವೆ, ಕೆಲವೆಡೆ ನೆಟ್ಟಗೇ ನಿಂತಿವೆ. ಮಲಗಿದ್ದ ಕಡಲತಳವನ್ನು ಭೂಮಿ ಅಮುಕಿ ಮಡಿಚಿದೆ. ಗಾಡಿ ದಕ್ಷಿಣಕ್ಕೆ ಓಡಿ ಬಾದಾಮಿಯ ಬಂಡೆಗಳು ಕಾಣಿಸುವ ಹೊತ್ತಿಗೆ ಪದರಗಳು ಮತ್ತೆ ಸಮತಟ್ಟು. ಇವು ಬೇರೆ, ಮಡಿಚುವ ಕೆಲಸ ಮುಗಿದು, ಮಡಿಚಿದ್ದೂ ಸವೆದ ಮೇಲೆ ನದಿಗಳು ತಂದು ಹಾಸಿದ ಮರಳು. ಓರೆಯಾಗಿ ನಿಲ್ಲಿಸಿದ ಕಡಕ್ ರೊಟ್ಟಿಗಳ ತುದಿಯನ್ನು ಸವರಿ ಮಟ್ಟ ಮಾಡಿ, ಅದರ ಮೇಲೆ ಹೊಸ ರೊಟ್ಟಿ ಹಾಸಿದರೆ ಹೇಗೋ ಹಾಗೆ. 1788ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಸಿಕ್ಕಾರ್ ಪಾಯಿಂಟಿನಲ್ಲಿ ಇಂಥದ್ದೇ ಜೋಡಣೆಯನ್ನು ದೋಣಿಯಿಂದ ಕಂಡ. ಅಲ್ಲಿಂದ ಯುರೋಪಿನಲ್ಲಿ 6,000 ವರ್ಷದ ಲೆಕ್ಕಕ್ಕೆ ಬಿರುಕು ಬಿಟ್ಟಿತು. ಕೂರಬೇಕು, ಕಲ್ಲಾಗಬೇಕು, ಮಡಿಚಬೇಕು, ಏಳಬೇಕು, ಸವೆಯಬೇಕು, ಮತ್ತೆ ಮುಳುಗಿ ಹೊಸದು ಕೂರಬೇಕು. ಇಷ್ಟೂ ಒಂದು ಪ್ರಳಯದ ಕೆಲಸವಲ್ಲ. ಹಟನ್ ದೋಣಿ ಮಾಡಿಕೊಂಡು ಹೋದ, ನಾವು ಬಾಗಲಕೋಟೆಯಿಂದ ಬಾದಾಮಿಗೆ ಬಸ್ಸಿನಲ್ಲೇ ಹೋಗಬಹುದು, ಕಿಟಕಿಯ ಪಕ್ಕ ಸೀಟು ಸಿಗಬೇಕಷ್ಟೆ.

ಬಾದಾಮಿಯ ಮೂರನೆಯ ಗವಿ. ಚಾಲುಕ್ಯ ಮಂಗಳೇಶ ಶಕ 500ರ, ಅಂದರೆ ಕ್ರಿ.ಶ. 578ರ, ಕಾರ್ತಿಕ ಹುಣ್ಣಿಮೆಯಂದು ಮಾಡಿಸಿದ್ದೆಂದು ಶಾಸನವೇ ಹೇಳುತ್ತದೆ. ಮೊಗಸಾಲೆಯಲ್ಲಿ ಆಳೆತ್ತರ ಮೀರಿದ ವರಾಹ, ಕೈಯ ಮೇಲೆ ಭೂದೇವಿ. ನೀರಿನಲ್ಲಿ ಮುಳುಗಿದ ಭೂಮಿಯನ್ನು ಎತ್ತಿ ತಂದ ಗಳಿಗೆ. ಇದು ಅಲಂಕಾರದ ಶಿಲ್ಪವಷ್ಟೇ ಅಲ್ಲ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪ ಎಂದು ಹೇಳುತ್ತೇವಲ್ಲ, ಆ ಕಲ್ಪದ ಹೆಸರು ಇವನದೇ. ನಮ್ಮ ಸೃಷ್ಟಿಯ ಲೆಕ್ಕದ ಮೊದಲ ದಿನ ಈ ಗೋಡೆಯ ಮೇಲೆ ನಿಂತಿದೆ. ಅದನ್ನು ಕೊರೆದಿರುವ ಮರಳುಗಲ್ಲಿನಲ್ಲೋ ನೀರಿನ ಗುರುತು: ಹರಿವು ಓರೆಯಾಗಿ ಒಟ್ಟಿದ ಮರಳಿನ ಗೆರೆಗಳು ದೇವರ ಮೈಮೇಲೆಯೇ ಹಾದುಹೋಗುತ್ತವೆ.

ಕಾಕಾ ಕೈಮುಗಿದು ಬಹಳ ಹೊತ್ತು ನಿಂತರು. ಆಮೇಲೆ ಬೆಳಗಿನ ಮಾತನ್ನು ಮತ್ತೆ ತೆಗೆದರು. "ಈಗ ಹೇಳಪಾ. ನಾಕನೂರಾ ಮೂವತ್ತೆರಡ ಕೋಟಿ."

"ಕಾಕಾ, ಅದು ಹಗಲಿನ ಪೂರಾ ಉದ್ದ್ರಿ. ಈಗ ಎಷ್ಟ್ ಹೊತ್ತಾಗೈತಿ ಅನ್ನೂದನ್ನ ಅದ ಪುಸ್ತಕದಾಗ ಬ್ಯಾರೆ ಹೇಳ್ಯಾರ."

ಹೌದು. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯ ಪ್ರಕಾರ ಕಲ್ಪ ಶುರುವಾದಂದಿನಿಂದ ಶಕ ಆರಂಭದವರೆಗೆ ಕಳೆದದ್ದು 197,29,47,179 ವರ್ಷ. ಬ್ರಹ್ಮಗುಪ್ತನದೂ ಇದೇ ಲೆಕ್ಕ. ಸೂರ್ಯಸಿದ್ಧಾಂತ ಒಪ್ಪುವುದಿಲ್ಲ: ಬ್ರಹ್ಮನಿಗೆ ಸೃಷ್ಟಿ ಮಾಡಿ ಮುಗಿಸಲು 47,400 ದಿವ್ಯವರ್ಷ, ಅಂದರೆ ನಮ್ಮ 1 ಕೋಟಿ 70 ಲಕ್ಷ 64 ಸಾವಿರ ವರ್ಷ ಹಿಡಿಯಿತು, ಗ್ರಹಗಳು ಓಡಲು ಹತ್ತಿದ್ದೇ ಆಮೇಲೆ, ಅಷ್ಟನ್ನು ಕಳೆಯಿರಿ ಎನ್ನುತ್ತದೆ. ಆರ್ಯಭಟ ಬ್ರಹ್ಮನ ಹಗಲಿಗೆ ಸಾವಿರದ ಬದಲು 1008 ಮಹಾಯುಗ ಇಟ್ಟು, ಸ್ಮೃತಿ ಬಿಟ್ಟು ನಡೆದನೆಂದು ಬ್ರಹ್ಮಗುಪ್ತನಿಂದ ಬೈಸಿಕೊಂಡ. ಇಷ್ಟು ದೊಡ್ಡ ಸಂಖ್ಯೆ ಅವರಿಗೆ ಬೇಕಾದದ್ದೇ ಆಕಾಶಕ್ಕಾಗಿ. ಎಲ್ಲ ಗ್ರಹಗಳೂ ಒಂದೇ ಗೆರೆಯಿಂದ ಹೊರಟು, ಪೂರ್ಣ ಸುತ್ತುಗಳನ್ನು ಮುಗಿಸಿ, ಮತ್ತೆ ಒಂದೇ ಗೆರೆಗೆ ಬರುವ ಅವಧಿ ಸಿಕ್ಕರೆ ಗ್ರಹಗತಿಯನ್ನು ಭಿನ್ನರಾಶಿಯಿಲ್ಲದೆ ಬರೆಯಬಹುದು. ನೆಲ ಅಗೆದು ತೆಗೆದ ಸಂಖ್ಯೆ ಅದಲ್ಲ, ಹಾಗೆಂದು ಅವರು ಹೇಳಿಕೊಳ್ಳಲೂ ಇಲ್ಲ. ಗ್ರಹ ಹೇಳಿದ ಕಡೆ ಕಾಣದಿದ್ದರೆ ಬೀಜಸಂಸ್ಕಾರ ಎಂದು ಲೆಕ್ಕವನ್ನು ತಿದ್ದುತ್ತಿದ್ದರು.

197 ಕೋಟಿಯನ್ನೇ ಭೂಮಿಯ ವಯಸ್ಸೆಂದು ಹಿಡಿದರೆ ಇನ್ನೊಂದು ಫಜೀತಿ. ಹಾಸನ ಜಿಲ್ಲೆಯ ಗೊರೂರಿನ ನೈಸ್ ಬಂಡೆಗೆ 330 ಕೋಟಿ ವರ್ಷ. ಸಾಹಿತಿ ರಾಮಸ್ವಾಮಿ ಅಯ್ಯಂಗಾರರ ಊರಿನ ಕಲ್ಲು ಭೂಮಿಗಿಂತ ಹಿರಿಯದಾಗಿಬಿಡುತ್ತದೆ. ಇದನ್ನು ಹೇಳಿದಾಗ ಕಾಕಾ ನಕ್ಕುಬಿಟ್ಟರು. ನಕ್ಕರೆಂದರೆ ಒಪ್ಪಿದರೆಂದಲ್ಲ. "ಹಂಗಾರ ಭಾಸ್ಕರಾಚಾರ್ಯರ್ನ ನೀ ಸಣ್ಣಾಂವನ್ ಮಾಡಿದಿ," ಎಂದರು. ಅವರನ್ನು ಸಣ್ಣವರಾಗಿಸುವುದು ಆ ಮೊಬೈಲಿನ ಸಂದೇಶ ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕಕ್ಕೆ ಲೆಕ್ಕ ಹಾಕಿ, ಒಬ್ಬರನ್ನೊಬ್ಬರು ಬೈದು, ತಿದ್ದಿ ಬಾಳಿದ ಗಣಿತಜ್ಞರನ್ನು ಪವಾಡಪುರುಷರ ಸಾಲಿಗೆ ಕೂರಿಸಿ ಅವರ ಕೈಯಿಂದ ಗಣಿತವನ್ನೇ ಕಿತ್ತುಕೊಳ್ಳುತ್ತದೆ ಅದು.

ಜಗಳ ನಮ್ಮ ಗಾಡಿಯೊಳಗಿನದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಡಾರ್ವಿನ್ ಸಿದ್ಧಾಂತ ತಪ್ಪು, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲ, ಪಠ್ಯದಿಂದ ತೆಗೆಯಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಹೊರಡಿಸಿ ಅದನ್ನು ಅಲ್ಲಗಳೆದವು. 2023ರ ಹೊತ್ತಿಗೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ ಅನುವಂಶೀಯತೆ ಉಳಿದು ಜೀವವಿಕಾಸ ಬಿದ್ದುಹೋಗಿತ್ತು. ಮಕ್ಕಳ ಹೊರೆ ಇಳಿಸಲು ಎಂದು ಕಾರಣ ಕೊಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಅಮೆರಿಕದ ಟೆನೆಸಿಯಲ್ಲಿ 1925ರಲ್ಲಿ ಜೀವವಿಕಾಸ ಪಾಠ ಮಾಡಿದ ಮಾಸ್ತರ ಜಾನ್ ಸ್ಕೋಪ್ಸನಿಗೆ ಕೋರ್ಟು 100 ಡಾಲರ್ ದಂಡ ಹಾಕಿತ್ತು. ನಮ್ಮಲ್ಲಿ ದಂಡವೂ ಇಲ್ಲ, ಕೋರ್ಟೂ ಇಲ್ಲ, ಪುಟ ತೆಳುವಾಯಿತಷ್ಟೆ. ಕಾಕಾ ಮಾಸ್ತರರಾಗಿ ಈ ವಿಷಯಕ್ಕೆ ನನ್ನ ಪಕ್ಷ. "ಒಪ್ಪೂದು ಬಿಡೂದು ಹುಡುಗೂರ್ದು. ಪಾಠ ತಗಿಯಾಕ ಇವ್ರ್ಯಾರು?" ಎಂದು ಗವಿಯ ಮೆಟ್ಟಿಲಲ್ಲೇ ದನಿ ಏರಿಸಿದರು, ಮಂಗಗಳು ಚದುರಿದವು.

ಐಹೊಳೆಗೆ ಹೋಗಲೇಬೇಕೆಂದು ಹಟ ಹಿಡಿದವರೂ ಅವರೇ. ಮೇಗುತಿ ಗುಡ್ಡ ಏದುಸಿರು ಬಿಡುತ್ತ ಹತ್ತಿ, ರವಿಕೀರ್ತಿಯ ಶಾಸನದ ಮುಂದೆ ನಿಂತರು. ಇಮ್ಮಡಿ ಪುಲಕೇಶಿಯ ಪ್ರಶಸ್ತಿಯೆಂದು ಸಾಲಿಯಲ್ಲಿ ಎಲ್ಲರಿಗೂ ಪಾಠವಾಗಿರುತ್ತದೆ. ಕೊನೆಯಲ್ಲಿ ಬರುವ ಕಾಲದ ಲೆಕ್ಕವನ್ನು ಮಾತ್ರ ಯಾರೂ ಓದಿಸುವುದಿಲ್ಲ: ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ಕ್ರಿ.ಶ. 634. ಕಲಿಯುಗದ ಲೆಕ್ಕ ಶಿಲೆಯ ಮೇಲೆ ಇಷ್ಟು ಸ್ಪಷ್ಟವಾಗಿ ಬಂದ ಬಹಳ ಹಳೆಯ ಉದಾಹರಣೆ ಇದು. ಬರೆಸಿದವನು ಜೈನ, ಕಟ್ಟಿಸಿದ್ದು ಜಿನಾಲಯ. ಲೋಕಕ್ಕೆ ಸೃಷ್ಟಿಯೇ ಇಲ್ಲ ಎನ್ನುವ ಮತದವನು ವೈದಿಕರ ಯುಗದ ಲೆಕ್ಕವನ್ನು ತನ್ನ ಗುಡಿಯ ತಾರೀಕಿಗೆ ಬಳಸಿಕೊಂಡಿದ್ದಾನೆ, ಪಕ್ಕದಲ್ಲಿ ಶಕವನ್ನೂ ಇಟ್ಟಿದ್ದಾನೆ, ಎರಡೂ ತಾಳೆಯಾಗುತ್ತವೆ. ಕಾಕಾ ಬೆರಳು ಮಡಿಚಿ ತಾಳೆ ನೋಡಿದರು. ಸರಿಬಂತು. ಆಮೇಲೆ ಮೊಬೈಲು ತೆಗೆದು ಬೆಳಗಿನ ಸಂದೇಶ ಕಳಿಸಿದವರಿಗೆ 197,29,47,179 ಎಂದಷ್ಟೇ ಬರೆದು ಕಳಿಸಿದರು. ವಿವರಣೆ ಬೇಡವೇ ಎಂದರೆ, "ತಲಿ ಕೆರಕೊಳ್ಳಲಿ ಸ್ವಲ್ಪ," ಎಂದರು.

ಗುಡ್ಡದ ಮೇಲಿಂದ ಇಳಕಲ್ಲಿನ ದಿಕ್ಕು ತೋರಿಸಿದೆ. ಅಲ್ಲಿ ಮರಳುಗಲ್ಲೂ ಮುಗಿದು, ಕಡಲೂ ಮುಗಿದು, ಎಲ್ಲದಕ್ಕೂ ತಳಪಾಯವಾದ ಕೆಂಪು ಗ್ರಾನೈಟು ಸಿಗುತ್ತದೆ, ಸುಮಾರು 250 ಕೋಟಿ ವರ್ಷದ್ದು. ನುಣ್ಣಗೆ ಕೊಯ್ದು ಹಡಗು ಹತ್ತಿಸುತ್ತಾರೆ. ಹೊತ್ತು ಇನ್ನೂ ಇತ್ತು. ಡ್ರೈವರನೂ ತಯಾರಿದ್ದ.

"ಇಳಕಲ್ಲಿಗಿ ಇವತ್ತ ಬ್ಯಾಡ ತಮ್ಮಾ," ಎಂದರು ಕಾಕಾ. "ಅಲ್ಲೀತನ ಹೋಗಿ ಕಲ್ಲ ನೋಡಿ ಬಂದ್ನಿ ಅಂದ್ರ ನಿಮ್ಮ ಕಾಕು ಮನಿಯಾಗ ಬಿಟ್ಟಕೊಳ್ಳೂದಿಲ್ಲ. ಪಗಾರ ಆದಮ್ಯಾಲ ಹೋಗೂಣು, ಒಂದ್ ಸೀರಿ ತರಾಕ ಬೇಕಾಗ್ತೈತಿ."

"ನಿಮಗೆಲ್ಲೀ ಪಗಾರ್ರೀ ಕಾಕಾ, ಪಿಂಚಣಿ," ಎಂದೆ.

"ಅದಾದಮ್ಯಾಲ," ಎಂದು ಇಳಿಯತೊಡಗಿದರು.